ಬೇಟೆ ರೈಫಲ್ಲಿನ ಭಾರ ಇಳಿಸುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ರೈಫಲ್ ಹಗುರ ಮಾಡಿಸುವ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನನ್ನದು .308 ಬೋಲ್ಟ್ ಆ್ಯಕ್ಷನ್ ರೈಫಲ್. ವಾಲ್ನಟ್ ಮರದ ಸ್ಟಾಕ್ (ಕೈ ಹಿಡಿಯುವ, ಹೆಗಲಿಗೆ ಆನಿಸುವ ಭಾಗ), 24 ಇಂಚಿನ ನಳಿಗೆ, ಮೇಲೆ 4ರಿಂದ 16 ಪಟ್ಟು ದೊಡ್ಡದು ಮಾಡಿ ತೋರಿಸುವ 4-16 ಸ್ಕೋಪ್. ಎಲ್ಲ ಸೇರಿ ತೂಗಿದರೆ 4.4 ಕೆ.ಜಿ. ಬರುತ್ತದೆ. ಬೆಟ್ಟ ಹತ್ತಿಳಿಯುವಾಗ ಮಧ್ಯಾಹ್ನದ ಹೊತ್ತಿಗೆ ಹೆಗಲು ಸೋತುಹೋಗುತ್ತದೆ. ಕೈಗೆ ಒಗ್ಗಿದ ರೈಫಲ್, ಮಾರಲು ಮನಸ್ಸಿಲ್ಲ. ನಳಿಗೆ ಎರಡು ಇಂಚು ಕತ್ತರಿಸಿ, ಫ್ಲೂಟಿಂಗ್ ಮಾಡಿಸಿ 3 ಕೆ.ಜಿ.ಗೆ ಇಳಿಸಬೇಕು ಅಂತ ಆಸೆ. ಆಗುತ್ತದಾ?

ಉತ್ತರ: ಕತ್ತರಿಸುವ ಮೊದಲು ತೂಗಿ. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಹೊರಗೆ ತೆಗೆದು, ಸ್ಕೋಪ್ ಬಿಚ್ಚಿ, ಸ್ಟಾಕ್ ಬಿಚ್ಚಿ, ಒಂದೊಂದನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು ಬರೆದುಕೊಳ್ಳಿ. ಸ್ವಲ್ಪ ಹೊತ್ತಿನ ಕೆಲಸ. ಆ ಚೀಟಿ ನೋಡಿದ ಮೇಲೆ ನಿಮ್ಮ ಯೋಜನೆ ಬದಲಾಗಬಹುದು, ಯಾಕೆಂದರೆ ಭಾರ ನಾವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ.

ನಿಮ್ಮ ಕಣ್ಣು ನಳಿಗೆ ಮೇಲಿದೆ, ಅಲ್ಲಿಂದಲೇ ಶುರು ಮಾಡೋಣ. ಸಾಮಾನ್ಯ ಬೇಟೆ ರೈಫಲ್ಲಿನ ನಳಿಗೆ ಬಾಯಿಯ ಹತ್ತಿರ ಸುಮಾರು 15 ಮಿ.ಮೀ. ದಪ್ಪ ಇರುತ್ತದೆ. ನಿಮ್ಮ ಕ್ಯಾಲಿಬರಿಗೆ, ಅಂದರೆ .308 ಅಳತೆಗೆ, ಒಳಗಿನ ತೂತು ಹತ್ತಿರ ಹತ್ತಿರ 7.8 ಮಿ.ಮೀ. ಉಕ್ಕು ಒಂದು ಘನ ಸೆಂಟಿಮೀಟರಿಗೆ 7.85 ಗ್ರಾಂ ತೂಗುತ್ತದೆ. ಲೆಕ್ಕ ಹಾಕಿ ನೋಡಿ, ಒಂದು ಇಂಚಿನ ತುಂಡಿಗೆ 26 ಗ್ರಾಂ ಬರುತ್ತದೆ. ಎರಡು ಇಂಚು ಕತ್ತರಿಸಿದರೆ ಇಳಿಯುವುದು ಬರೀ 52 ಗ್ರಾಂ. ಎರಡು ತೋಟಾಗಳ ಭಾರ ಅಷ್ಟೇ. ಅದಕ್ಕೆ ಬದಲಾಗಿ ನೀವು ಕೊಡುವುದೇನು? ಪ್ರತಿ ಇಂಚಿಗೆ ಗುಂಡಿನ ವೇಗ ಸೆಕೆಂಡಿಗೆ 6ರಿಂದ 9 ಮೀಟರ್ ಕಡಿಮೆಯಾಗುತ್ತದೆ, ಸದ್ದು ಮತ್ತು ಬೆಂಕಿ ಮುಖಕ್ಕೆ ಹತ್ತಿರ ಬರುತ್ತವೆ, ಮತ್ತೆ ನಳಿಗೆಯ ಬಾಯಿಯನ್ನು ಲೇತ್ ಮೇಲೆ ಹೊಸದಾಗಿ ಕ್ರೌನ್ ಮಾಡಿಸಬೇಕು, ಅಂದರೆ ತುದಿಯ ಅಂಚನ್ನು ಸಮನಾಗಿ ಕೊರೆಸಬೇಕು. ಕ್ರೌನ್ ಒಂದು ಕೂದಲಷ್ಟು ಓರೆಯಾದರೂ ಗುಂಡು ಹೊರಬೀಳುವಾಗ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗುತ್ತದೆ, ಗುರಿ ಕೆಡುತ್ತದೆ. ಗಿಡಗಂಟಿಗಳ ನಡುವೆ ಓಡಾಡಲು ಗಿಡ್ಡ ನಳಿಗೆ ಬೇಕು ಅಂದರೆ ಕತ್ತರಿಸಿ, ಅದು ಸರಿಯಾದ ಕಾರಣ. ಭಾರಕ್ಕಾಗಿ ಬೇಡ. ಕತ್ತರಿಸುವುದಾದರೂ ನಿಮ್ಮಲ್ಲಿ ನಳಿಗೆಯ ಕನಿಷ್ಠ ಉದ್ದಕ್ಕೆ ಕಾನೂನು ಏನು ಹೇಳುತ್ತದೆ ಅಂತ ಮೊದಲು ಕೇಳಿಕೊಳ್ಳಿ.

ಫ್ಲೂಟಿಂಗ್ ಅಂದರೆ ನಳಿಗೆಯ ಹೊರಮೈಯಲ್ಲಿ ಉದ್ದಕ್ಕೆ ಕಾಲುವೆ ತೋಡುವುದು. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ನಿಮ್ಮಂಥ ತೆಳು ನಳಿಗೆಯಲ್ಲಿ ಆಳಕ್ಕೆ ತೋಡಲು ಜಾಗವೇ ಇಲ್ಲ. 3 ಮಿ.ಮೀ. ಅಗಲ, ಒಂದೂವರೆ ಮಿ.ಮೀ. ಆಳ, 40 ಸೆಂ.ಮೀ. ಉದ್ದದ ಆರು ಕಾಲುವೆ ತೋಡಿದರೆ ಹೋಗುವುದು 60-70 ಗ್ರಾಂ. ದಪ್ಪ ನಳಿಗೆಯಾದರೆ 200 ಗ್ರಾಂವರೆಗೂ ತೆಗೆಯಬಹುದು, ಅಲ್ಲಿ ಅದಕ್ಕೆ ಅರ್ಥವಿದೆ. ಫ್ಲೂಟಿಂಗ್ ಮಾಡಿದರೆ ನಳಿಗೆ ಗಟ್ಟಿಯಾಗುತ್ತದೆ ಅಂತ ಹೇಳುವವರೂ ಇದ್ದಾರೆ. ಅರ್ಧ ಮಾತು ಅದು. ಅಷ್ಟೇ ತೂಕದ ಉರುಟು ನಳಿಗೆಗಿಂತ ಕಾಲುವೆ ಇರುವುದು ಗಟ್ಟಿ, ನಿಜ. ಆದರೆ ಇದ್ದ ನಳಿಗೆಗೇ ಕಾಲುವೆ ತೋಡಿದರೆ ಅದು ಮೊದಲಿಗಿಂತ ಮೆತ್ತಗಾಗುತ್ತದೆ. ಇರುವ ಉಕ್ಕನ್ನು ತೆಗೆದ ಮೇಲೆ ಗಟ್ಟಿ ಹೇಗಾದೀತು?

ಇನ್ನೊಂದು ಅಪಾಯವನ್ನು ನಾನು ಸ್ವತಃ ಅನುಭವಿಸಿದ್ದೇನೆ. ಬಟನ್ ರೈಫ್ಲಿಂಗ್‌ನಲ್ಲಿ ಗಟ್ಟಿ ಬಟನ್ ಒಂದನ್ನು ನಳಿಗೆಯೊಳಗೆ ಎಳೆದು ಅಥವಾ ತಳ್ಳಿ ಸುರುಳಿ ಗೀರು ಮೂಡಿಸುತ್ತಾರೆ. ಆಗ ಉಕ್ಕಿನೊಳಗೆ ಬಿಗಿತ ಉಳಿದುಕೊಳ್ಳುತ್ತದೆ. ಆ ಬಿಗಿತವನ್ನು ಕಾಯಿಸಿ ಸರಿಯಾಗಿ ಇಳಿಸಿರದಿದ್ದರೆ, ಆಮೇಲೆ ಹೊರಮೈ ಕೊರೆದಾಗ ಒಳಗಿನ ತೂತಿನ ಅಳತೆಯೇ ಅಲ್ಲಲ್ಲಿ ಬದಲಾಗುತ್ತದೆ. ನನ್ನ 6.5 ಮಿ.ಮೀ. ರೈಫಲ್ ಒಂದು 100 ಮೀಟರಿಗೆ 3 ಸೆಂ.ಮೀ. ಒಳಗೆ ಗುಂಡು ಗುಂಪು ಮಾಡುತ್ತಿತ್ತು. ಒಂದು ವರ್ಕ್‌ಶಾಪಿನಲ್ಲಿ ಫ್ಲೂಟಿಂಗ್ ಮಾಡಿಸಿ ತಂದ ಮೇಲೆ 7 ಸೆಂ.ಮೀ.ಗೆ ಹರಡಿತು. ಸ್ಕೋಪ್ ಬದಲಿಸಿದೆ, ಸ್ಕ್ರೂ ಬಿಗಿಸಿದೆ, ಬೇರೆ ಬೇರೆ ತೋಟಾ ಹಾಕಿ ನೋಡಿದೆ, ಏನೂ ಆಗಲಿಲ್ಲ. ಕೊನೆಗೆ ನಳಿಗೆಯನ್ನೇ ಬದಲಿಸಬೇಕಾಯಿತು. ಉಳಿಸಿದ್ದು 70 ಗ್ರಾಂ, ಕಳೆದುಕೊಂಡದ್ದು ಚೆನ್ನಾಗಿ ಹೊಡೆಯುತ್ತಿದ್ದ ಒಂದು ನಳಿಗೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಭಾರ ಎಲ್ಲಿದೆ? ಮೊದಲನೆಯದು ಸ್ಕೋಪ್. 30 ಮಿ.ಮೀ. ಟ್ಯೂಬಿನ 4-16 ಸ್ಕೋಪ್ ಸುಮ್ನೆ 600-700 ಗ್ರಾಂ ತೂಗುತ್ತದೆ. ಒಂದಿಂಚು ಟ್ಯೂಬಿನ ಸರಳ 3-9x40 ಸ್ಕೋಪ್ (3ರಿಂದ 9 ಪಟ್ಟು, ಮುಂದಿನ ಗಾಜು 40 ಮಿ.ಮೀ.) 350 ಗ್ರಾಂ ಆಸುಪಾಸು. ಆರು ಪಟ್ಟು ದೊಡ್ಡದು ಮಾಡಿ ತೋರಿಸುವ ಫಿಕ್ಸೆಡ್ ಸ್ಕೋಪ್ ಅದಕ್ಕಿಂತಲೂ ಹಗುರ. ನಿಮ್ಮನ್ನೇ ಕೇಳಿಕೊಳ್ಳಿ, ಬೇಟೆಯಲ್ಲಿ ನೀವು ಯಾವತ್ತಾದರೂ 16ಕ್ಕೆ ತಿರುಗಿಸಿದ್ದೀರಾ? 250 ಮೀಟರಿಗೆ 9 ಧಾರಾಳ ಸಾಕು. ಸ್ಕೋಪ್ ಕೂರಿಸುವ ಉಕ್ಕಿನ ಬೇಸ್ ಮತ್ತು ರಿಂಗುಗಳು 150-200 ಗ್ರಾಂ. ಬೇಸ್-ರಿಂಗ್ ಒಂದೇ ತುಂಡಾಗಿ ಬರುವ ಅಲ್ಯೂಮಿನಿಯಂ ಜೋಡಿ 80 ಗ್ರಾಂಗಿಂತ ಹೆಚ್ಚಿಲ್ಲ. ಇಲ್ಲಿಗೇ 400 ಗ್ರಾಂ ಹೋಯಿತು. ಒಂದು ಸ್ಕ್ರೂಡ್ರೈವರ್ ಬಿಟ್ಟರೆ ಯಾವ ಯಂತ್ರವೂ ಬೇಕಾಗಲಿಲ್ಲ, ಮನಸ್ಸು ಬದಲಾದರೆ ಹಿಂದಕ್ಕೂ ಬರಬಹುದು. ಜೊತೆಗೆ ಇದು ರೈಫಲ್ಲಿನ ಮೇಲ್ಭಾಗದ ಭಾರ. ಅದು ಇಳಿದರೆ ಕೈಯಲ್ಲಿ ಹೊರಳುವುದು ನಿಲ್ಲುತ್ತದೆ, 400 ಗ್ರಾಂಗಿಂತ ಜಾಸ್ತಿ ಇಳಿದ ಹಾಗೆ ಅನಿಸುತ್ತದೆ.

ಎರಡನೆಯದು ಸ್ಟಾಕ್. ವಾಲ್ನಟ್ ಸ್ಟಾಕ್ 900 ಗ್ರಾಂನಿಂದ 1.1 ಕೆ.ಜಿ. ಇರುತ್ತದೆ. ಪದರ ಪದರ ಅಂಟಿಸಿದ ಲ್ಯಾಮಿನೇಟ್ ಮರ ಅದಕ್ಕಿಂತ ಭಾರ. ಕೈಯಿಂದ ಪದರ ಹಾಕಿ ಮಾಡಿದ ಕಾರ್ಬನ್ ಫೈಬರ್ ಅಥವಾ ಕೆವ್ಲಾರ್ ಸ್ಟಾಕ್ 500-700 ಗ್ರಾಂ. ಅಚ್ಚಿನಲ್ಲಿ ಎರೆದ ಅಗ್ಗದ ಪ್ಲಾಸ್ಟಿಕ್ ಸ್ಟಾಕನ್ನು ಮಾತ್ರ ತೂಕ ಕೇಳದೆ ಕೊಳ್ಳಬೇಡಿ. ಎಷ್ಟೋ ಸಲ ಅದು ಮರದಷ್ಟೇ ತೂಗುತ್ತದೆ, ಮುಂಭಾಗ ಮೆತ್ತಗಿದ್ದು ಕೈ ಒತ್ತಿದರೆ ನಳಿಗೆಗೆ ತಾಗುತ್ತದೆ. ಒಳ್ಳೆಯ ಸ್ಟಾಕ್ ಹಾಕಿಸುವುದಾದರೆ ಬೆಡ್ಡಿಂಗನ್ನೂ ಮಾಡಿಸಿ. ರಿಸೀವರ್ (ಬೋಲ್ಟ್ ಓಡಾಡುವ ಉಕ್ಕಿನ ಮನೆ) ಕೂರುವ ಜಾಗಕ್ಕೆ ಎಪಾಕ್ಸಿ ಅಂಟು ತುಂಬಿ, ಎಲ್ಲೂ ಅಲುಗದ ಹಾಗೆ ಅಚ್ಚು ತೆಗೆಯುವುದು ಅದು. ಇಡೀ ಯೋಜನೆಯಲ್ಲಿ ನಾನು ಕಣ್ಣು ಮುಚ್ಚಿ ದುಡ್ಡು ಕೊಡುವ ಕೆಲಸ ಇದೊಂದೇ.

ಮೂರನೆಯದು ಚಿಕ್ಕದು. ಟ್ರಿಗರ್ ಗಾರ್ಡ್ ಮತ್ತು ಮ್ಯಾಗಝೀನಿನ ತಳದ ತಟ್ಟೆ ಉಕ್ಕಿನದಾದರೆ ಅಲ್ಯೂಮಿನಿಯಂ ಹಾಕಿಸಿ. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ. ಇದು ಹೊಸ ಉಪಾಯವೇನಲ್ಲ. 1952ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70 ಫೆದರ್‌ವೇಟ್‌ನಲ್ಲೇ ಈ ಭಾಗಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿ, ತೆಳುವಾದ 22 ಇಂಚು ನಳಿಗೆ ಕೊಟ್ಟು ಭಾರ ಇಳಿಸಿದ್ದರು.

ಈಗ ಕೂಡೋಣ. ಸ್ಕೋಪ್ 320, ರಿಂಗು 90, ಸ್ಟಾಕ್ 450, ತಟ್ಟೆ 130. ಒಟ್ಟು 990 ಗ್ರಾಂ. ಅಂದರೆ ನಿಮ್ಮ 4.4 ಕೆ.ಜಿ. ರೈಫಲ್ 3.4ಕ್ಕೆ ಬಂತು, ನಳಿಗೆಗೆ ಒಂದು ಗೀರೂ ಬೀಳಲಿಲ್ಲ. ಉಳಿದ 400 ಗ್ರಾಂ ತೆಗೆಯಬೇಕು ಅಂದರೆ ಇನ್ನೂ ತೆಳುವಾದ ಹೊಸ ನಳಿಗೆಯನ್ನೇ ಹಾಕಿಸಬೇಕಾಗುತ್ತದೆ. ನನ್ನ ಮಾತು ಕೇಳುವುದಾದರೆ 3.4ರಲ್ಲಿ ನಿಲ್ಲಿಸಿ, ಒಂದು ಹಂಗಾಮು ಹೊತ್ತು ನೋಡಿ. ಆಮೇಲೂ ಭಾರ ಅನಿಸಿದರೆ ಬರೆಯಿರಿ.

ಪ್ರಶ್ನೆ: ನನ್ನ .300 ವಿನ್ ಮ್ಯಾಗ್ (.308ಗಿಂತ ಜೋರಾದ ತೋಟಾ) ರೈಫಲನ್ನು ಸ್ಕೋಪ್ ಸೇರಿ 3.6ರಿಂದ 2.7 ಕೆ.ಜಿ.ಗೆ ಇಳಿಸಲು ಒಬ್ಬ ಗನ್‌ಸ್ಮಿತ್ ಒಪ್ಪಿದ್ದಾರೆ. ಒದೆತ ಸ್ವಲ್ಪ ಜಾಸ್ತಿಯಾಗಬಹುದು, ನಳಿಗೆಯ ಬಾಯಿಗೆ ಮಝಲ್ ಬ್ರೇಕ್ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ: ಸ್ವಲ್ಪ ಅಲ್ಲ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಹೋಗುವಾಗ ರೈಫಲ್ಲನ್ನು ಹಿಂದಕ್ಕೆ ತಳ್ಳುತ್ತವಲ್ಲ, ಆ ತಳ್ಳು ರೈಫಲ್ಲಿನ ತೂಕ ನೋಡಿ ಕಡಿಮೆಯಾಗುವುದಿಲ್ಲ. ರೈಫಲ್ ಹಗುರವಾದಷ್ಟೂ ಅದು ಜೋರಾಗಿ ಹಿಂದಕ್ಕೆ ಬರುತ್ತದೆ. ಒದೆತದ ಶಕ್ತಿ ತೂಕಕ್ಕೆ ನೇರ ವಿರುದ್ಧ. ತೂಕವನ್ನು ಕಾಲು ಭಾಗ ಇಳಿಸಿದರೆ ಒದೆತ ಮೂರನೇ ಒಂದು ಭಾಗ ಏರುತ್ತದೆ. ನಿಮ್ಮ ರೈಫಲ್ಲಿಗೆ 180 ಗ್ರೇನ್ (ಸುಮಾರು 11.7 ಗ್ರಾಂ) ಗುಂಡು ಇಟ್ಟು ಲೆಕ್ಕ ಹಾಕಿದೆ. 3.6 ಕೆ.ಜಿ.ಯಲ್ಲಿ ಸುಮಾರು 44 ಜೂಲ್ ಇದ್ದದ್ದು 2.7 ಕೆ.ಜಿ.ಯಲ್ಲಿ 59 ಜೂಲ್ ಆಗುತ್ತದೆ. ಹೋಲಿಕೆಗೆ ಹೇಳುತ್ತೇನೆ, 3.6 ಕೆ.ಜಿ. ತೂಕದ .308ರಲ್ಲಿ ಇದು 23 ಜೂಲ್. ನೀವು ಮಾಡಿಸಲು ಹೊರಟಿರುವುದು ಅದರ ಎರಡೂವರೆ ಪಟ್ಟು ಒದೆಯುವ ರೈಫಲ್.

ಒದೆತ ಹೆಗಲು ನೋಯಿಸುತ್ತದೆ ಅನ್ನುವುದು ಚಿಕ್ಕ ವಿಷಯ. ದೊಡ್ಡ ವಿಷಯ ಏನೆಂದರೆ, ಹತ್ತು ಈಡು ಹೊಡೆಯುವಷ್ಟರಲ್ಲಿ ಮೈ ಹೆದರಲು ಕಲಿಯುತ್ತದೆ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ಬರುತ್ತದೆ, ನಿಮಗೇ ಗೊತ್ತಾಗುವುದಿಲ್ಲ. ಅಭ್ಯಾಸ ಮಾಡಲು ಮನಸ್ಸೇ ಬರುವುದಿಲ್ಲ. ಅಭ್ಯಾಸ ಇಲ್ಲದ ಕೈಯಿಂದ ಪ್ರಾಣಿಗೆ ಸರಿಯಾದ ಜಾಗದಲ್ಲಿ ಏಟು ಬೀಳುವುದಿಲ್ಲ, ಗಾಯಗೊಂಡು ನರಳುತ್ತಾ ಓಡುತ್ತದೆ. ಭಾರ ಇಳಿಸುವ ಆಸೆಗೆ ಆ ಬೆಲೆ ಕೊಡಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಬ್ರೇಕ್ ಒದೆತವನ್ನು ನಿಜಕ್ಕೂ ತಗ್ಗಿಸುತ್ತದೆ. ಆದರೆ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿಯೇ ಅದು ಕೆಲಸ ಮಾಡುವುದು, ಆ ಸದ್ದು ನಿಮ್ಮ ಕಿವಿಗೂ ಪಕ್ಕದಲ್ಲಿರುವವರ ಕಿವಿಗೂ ಬಂದು ಬಡಿಯುತ್ತದೆ. 140 ಡೆಸಿಬೆಲ್ ದಾಟಿದ ಒಂದೇ ಒಂದು ಸದ್ದು ಸಾಕು ಕಿವಿಗೆ ಶಾಶ್ವತ ಹಾನಿ ಮಾಡಲು. ದೊಡ್ಡ ರೈಫಲ್ ಬ್ರೇಕ್ ಇಲ್ಲದೆಯೂ ಅದನ್ನು ದಾಟುತ್ತದೆ. ಬೇಟೆಯಲ್ಲಿ ಕಿವಿಗೆ ಏನೂ ಹಾಕದೆ ಬ್ರೇಕ್ ಇರುವ ರೈಫಲ್ ಹೊಡೆಯಬೇಡಿ, ದಯವಿಟ್ಟು.

ನಿಮಗೆ 2.7 ಕೆ.ಜಿ.ಯೇ ಬೇಕು ಅಂದರೆ ಕ್ಯಾಲಿಬರ್ ಇಳಿಸಿ. ಅದೇ ತೂಕದ .243 ಸುಮಾರು 19 ಜೂಲ್ ಒದೆಯುತ್ತದೆ, ಭಾರದ .308ಗಿಂತಲೂ ಕಡಿಮೆ. ನೀವು ಹೊಡೆಯುವ ಪ್ರಾಣಿಗೆ .243 ಸಾಲದು ಅಂದರೆ .300 ರೈಫಲ್ 3.6ರಲ್ಲೇ ಇರಲಿ. ಇನ್ನೊಂದು ಮಾತು: ಸ್ಕೋಪಿಗೂ ಕಣ್ಣಿಗೂ ನಡುವೆ ಕನಿಷ್ಠ 9 ಸೆಂ.ಮೀ. ಸಿಗುವ ಸ್ಕೋಪನ್ನೇ ಹಾಕಿ. ಹುಬ್ಬು ಸೀಳಿಸಿಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಹೊಸ ಸ್ಟಾಕಿಗೆ ಕೊಡುವಷ್ಟು ದುಡ್ಡಿಲ್ಲ. ಮರದ ಸ್ಟಾಕಿನ ಹಿಂಭಾಗಕ್ಕೆ ನಾನೇ ಡ್ರಿಲ್ ಹಾಕಿ ಟೊಳ್ಳು ಮಾಡಬಹುದಾ?

ಉತ್ತರ: ಮಾಡಬಹುದು, ಹಳೇ ವಿಧಾನ ಅದು. ಹೆಗಲಿಗೆ ಆನಿಸುವ ರಬ್ಬರ್ ಪ್ಯಾಡ್ ಬಿಚ್ಚಿ, ಹಿಂದಿನಿಂದ ಉದ್ದಕ್ಕೆ ತೂತು ಕೊರೆಯುವುದು. ವಾಲ್ನಟ್ ಒಂದು ಘನ ಸೆಂ.ಮೀ.ಗೆ 0.65 ಗ್ರಾಂ ಆಸುಪಾಸು. 25 ಮಿ.ಮೀ. ಅಗಲ, 15 ಸೆಂ.ಮೀ. ಆಳದ ಒಂದು ತೂತಿಗೆ 48 ಗ್ರಾಂ ಹೋಗುತ್ತದೆ. ಎರಡು ಹಾಕಿದರೆ ನೂರು ಗ್ರಾಂ ಹತ್ತಿರ.

ಕೈ ಹಿಡಿಯುವ ಸಣ್ಣ ಕುತ್ತಿಗೆ ಇದೆಯಲ್ಲ, ಅದರ ಕಡೆಗೆ ಮಾತ್ರ ಹೋಗಬೇಡಿ. ಸ್ಟಾಕಿನಲ್ಲಿ ಅತಿ ದುರ್ಬಲ ಜಾಗ ಅದು, ಒದೆತಕ್ಕೆ ಸೀಳುವುದೂ ಅಲ್ಲೇ. ಪ್ಯಾಡಿನ ಸ್ಕ್ರೂಗಳಿಗೆ ಮರ ಉಳಿಸಿ. ಪಕ್ಕದ ಗೋಡೆ ಒಂದು ಸೆಂಟಿಮೀಟರಿಗಿಂತ ತೆಳುವಾಗಬಾರದು. ಕೊರೆದ ಹಸಿ ಮರಕ್ಕೆ ಎಣ್ಣೆಯನ್ನೋ ವಾರ್ನಿಷನ್ನೋ ಬಳಿಯಿರಿ, ಇಲ್ಲದಿದ್ದರೆ ಒಳಗಿನಿಂದ ತೇವ ಎಳೆದುಕೊಂಡು ಮರ ಸೊಟ್ಟಗಾಗುತ್ತದೆ. ಆಮೇಲೆ ಫೋಮ್ ತುಂಬಿ, ಟೊಳ್ಳು ಸದ್ದು ಬರುವುದಿಲ್ಲ.

ಆದರೆ ಒಂದು ಪರೀಕ್ಷೆ ಮೊದಲು ಮಾಡಿ. ಖಾಲಿ ರೈಫಲನ್ನು ಒಂದು ಬೆರಳಿನ ಮೇಲೆ ತೂಗಿಸಿ. ಸಮತೂಕ ರಿಸೀವರಿನ ಮುಂದಿನ ಸ್ಕ್ರೂ ಹತ್ತಿರ ಬಂದರೆ ಒಳ್ಳೆಯದು. ಈಗಾಗಲೇ ಮುಂದಕ್ಕೆ ವಾಲುತ್ತಿದ್ದರೆ ಹಿಂಭಾಗ ಟೊಳ್ಳು ಮಾಡಬೇಡಿ, ಮೂತಿ ಇನ್ನಷ್ಟು ಜಗ್ಗುತ್ತದೆ. ತಕ್ಕಡಿಯಲ್ಲಿ ನೂರು ಗ್ರಾಂ ಇಳಿದಿರುತ್ತದೆ, ಕೈಯಲ್ಲಿ ಭಾರ ಏರಿರುತ್ತದೆ.

ಪ್ರಶ್ನೆ: ಹಗುರ ಮಾಡಿಸಿದ ಮೇಲೆ ಮೊದಲ ಎರಡು ಗುಂಡು ಒಟ್ಟಿಗೆ ಬೀಳುತ್ತವೆ, ಮೂರನೆಯದು ಮೇಲಕ್ಕೋ ಪಕ್ಕಕ್ಕೋ ಹಾರುತ್ತದೆ. ಎಲ್ಲಿ ತಪ್ಪಾಗಿದೆ?

ಉತ್ತರ: ತೆಳು ನಳಿಗೆ ಹಾಕಿಸಿದ್ದೀರಿ ಅಂತ ಕಾಣುತ್ತದೆ. ತೆಳು ಉಕ್ಕು ಬೇಗ ಕಾಯುತ್ತದೆ, ಕಾದಾಗ ಒಂದು ಕೂದಲೆಳೆ ಬಾಗುತ್ತದೆ. ಹಾಗಾಗಿ ಅದು ತಪ್ಪು ಅಂತಲೂ ಹೇಳಲಾರೆ. ಪ್ರತಿ ಸಲ ಒಂದೇ ದಿಕ್ಕಿಗೆ ಹೋಗುತ್ತದಾ ನೋಡಿ. ಹೌದಾದರೆ ಕಾವಿನದೇ ಆಟ. ಒಂದೊಂದು ಈಡಿಗೂ ನಳಿಗೆ ಪೂರ್ತಿ ಆರಲು ಬಿಟ್ಟು ಹೊಡೆಯಿರಿ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯ ಮೊದಲ ಗುಂಡು, ಝೀರೋ ಮಾಡುವುದೂ, ಅಂದರೆ ಗುಂಡು ಬೀಳುವ ಜಾಗಕ್ಕೆ ಸ್ಕೋಪ್ ಹೊಂದಿಸುವುದೂ, ಅದಕ್ಕೇ. ನಾಲ್ಕು ಬೇರೆ ಬೇರೆ ದಿನ ಬೆಳಗ್ಗೆ ಒಂದೊಂದೇ ಗುಂಡು ಒಂದೇ ಕಾಗದಕ್ಕೆ ಹೊಡೆಯಿರಿ. ಆ ನಾಲ್ಕು ತೂತು ಹತ್ತಿರ ಇದ್ದರೆ ನಿಮ್ಮ ರೈಫಲ್ ಆರೋಗ್ಯವಾಗಿದೆ.

ದಿಕ್ಕು ಬದಲಾಗುತ್ತಿದ್ದರೆ ಬೇರೆ ಕಡೆ ಹುಡುಕಿ. ನಳಿಗೆ ಮತ್ತು ಸ್ಟಾಕಿನ ನಡುವೆ ಒಂದು ಕಾಗದ ತೂರಿಸಿ ರಿಸೀವರ್‌ವರೆಗೂ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಒತ್ತುತ್ತಿದೆ ಅಂತ. ಸ್ಕೋಪ್ ಸ್ಕ್ರೂ, ಸ್ಟಾಕ್ ಸ್ಕ್ರೂ ಬಿಗಿ ನೋಡಿ. ಎಲ್ಲ ಸರಿ ಇದ್ದರೆ ಹಿಡಿಯುವ ರೀತಿ ಬದಲಿಸಿ. ಭಾರದ ರೈಫಲ್ ಮರಳಿನ ಚೀಲದ ಮೇಲೆ ತಾನಾಗಿ ಕೂತಿರುತ್ತದೆ. ಹಗುರದ್ದು ಗುಂಡು ಹೊರಡುವ ಮೊದಲೇ ಕುಪ್ಪಳಿಸಲು ಶುರು ಮಾಡುತ್ತದೆ. ಮುಂದಿನ ಕೈಯಿಂದ ಸ್ಟಾಕಿನ ಮುಂಭಾಗವನ್ನು ಹಿಡಿದು, ಹೆಗಲಿಗೆ ಗಟ್ಟಿಯಾಗಿ ಒತ್ತಿಕೊಂಡು, ಪ್ರತಿ ಸಲ ಒಂದೇ ಬಿಗಿಯಲ್ಲಿ ಹೊಡೆಯಿರಿ. ಟ್ರಿಗರ್ ಎಷ್ಟು ಬಿಗಿ ಇದೆ ಅಂತಲೂ ತೂಗಿಸಿ ನೋಡಿ. ರೈಫಲ್ ಎರಡೂವರೆ ಕೆ.ಜಿ., ಟ್ರಿಗರ್ ಎಳೆತ ಎರಡು ಕೆ.ಜಿ. ಆದರೆ ಬೆರಳೇ ರೈಫಲನ್ನು ಅಲುಗಿಸುತ್ತದೆ, ಅಲ್ವಾ? 1.2ರಿಂದ 1.4 ಕೆ.ಜಿ. ಬೇಟೆಗೆ ಚೆನ್ನ. ತಿಳಿದವರಿಂದಲೇ ಮಾಡಿಸಿ. ಅದಕ್ಕಿಂತ ತೀರಾ ಕಡಿಮೆ ಮಾಡಿಸಿದರೆ ಚಳಿಯಲ್ಲಿ ಮರಗಟ್ಟಿದ ಬೆರಳಿಗೆ, ಗ್ಲೌಸ್ ಹಾಕಿದ ಕೈಗೆ ಅಪಾಯ.

ಪ್ರಶ್ನೆ: ರಿಸೀವರ್ ಮತ್ತು ಬೋಲ್ಟನ್ನು ಮಿಲ್ಲಿಂಗ್ ಮಾಡಿಸಿ ಹಗುರ ಮಾಡಬಹುದಾ?

ಉತ್ತರ: ಬೋಲ್ಟಿನ ಹಿಡಿಯ ತುದಿಯ ಉಂಡೆಯನ್ನು ಒಳಗಿನಿಂದ ಟೊಳ್ಳು ಮಾಡಿಸಬಹುದು, ಬೋಲ್ಟಿನ ಮೈಮೇಲೆ ಕಾಲುವೆ ತೋಡಿಸಬಹುದು. 30-50 ಗ್ರಾಂ ಸಿಗುತ್ತದೆ. ಬೋಲ್ಟಿನ ಮುಂದಿರುವ ಲಾಕಿಂಗ್ ಲಗ್‌ಗಳು (ಬೋಲ್ಟನ್ನು ಬಿಗಿದು ಹಿಡಿಯುವ ಉಬ್ಬುಗಳು), ಅವು ಕೂರುವ ರಿಸೀವರಿನ ಮುಂಭಾಗ, ತೋಟಾ ಕೂರುವ ಜಾಗದ ಸುತ್ತಲಿನ ನಳಿಗೆ, ಈ ಮೂರನ್ನು ಮುಟ್ಟಲೇಬೇಡಿ. ಮುಖದಿಂದ ಒಂದು ಗೇಣು ದೂರದಲ್ಲಿ ಸಿಡಿಯುವ ಒತ್ತಡವನ್ನು ಹಿಡಿದಿಡುವುದು ಅವೇ. ಯಾರಾದರೂ ಮಾಡಿಕೊಡುತ್ತೇನೆ ಅಂದರೆ ಅವರಿಂದ ರೈಫಲ್ ವಾಪಸ್ ತನ್ನಿ.

ಕಾರ್ಖಾನೆಯವರೇ ಮಾಡಿದಾಗಲೂ ಇದು ಸುಲಭವಾಗಿರಲಿಲ್ಲ. 1944ರಲ್ಲಿ ಬ್ರಿಟಿಷರು ಲೀ-ಎನ್‌ಫೀಲ್ಡ್ ರೈಫಲನ್ನು ಗಿಡ್ಡ ಮಾಡಿ, ರಿಸೀವರಿನಿಂದಲೂ ನಳಿಗೆಯಿಂದಲೂ ಉಕ್ಕು ಕೆತ್ತಿ, ಜಂಗಲ್ ಕಾರ್ಬೈನ್ ಅಂತ ಹೆಸರಾದ ನಂ. 5 ಮಾಡಿದರು. 4 ಕೆ.ಜಿ. ಇದ್ದದ್ದು 3.2 ಕೆ.ಜಿ. ಆಯಿತು. ಹೊರಲು ಸುಖ. ಆದರೆ ಒದೆತ ಜೋರು, ಮಾಡಿದ ಝೀರೋ ನಿಲ್ಲುವುದಿಲ್ಲ ಅನ್ನುವ ದೂರು ಅದರ ಬೆನ್ನು ಬಿಡಲಿಲ್ಲ.

ಪ್ರಶ್ನೆ: ಕಾರ್ಬನ್ ಸುತ್ತಿದ ನಳಿಗೆ ಹಾಕಿಸಿದರೆ ಹಗುರವಾಗುತ್ತದಾ?

ಉತ್ತರ: ಯಾವುದಕ್ಕೆ ಹೋಲಿಸುತ್ತೀರಿ ಅನ್ನುವುದರ ಮೇಲೆ ಇದೆ. ಅದು ಒಳಗೆ ತೆಳು ಉಕ್ಕು, ಮೇಲೆ ಕಾರ್ಬನ್ ಫೈಬರ್. ಅಷ್ಟೇ ದಪ್ಪದ ಉಕ್ಕಿನ ನಳಿಗೆಗಿಂತ ಬಹಳ ಹಗುರ. ಆದರೆ ಬೆಟ್ಟದ ರೈಫಲ್ಲಿಗೆ ಹಾಕುವ ಪೆನ್ಸಿಲ್‌ನಂಥ ಉಕ್ಕಿನ ನಳಿಗೆಗಿಂತ ಸಾಮಾನ್ಯವಾಗಿ ಭಾರವೇ. ದಪ್ಪ ನಳಿಗೆಯಿಂದ ಬದಲಾಯಿಸುವುದಾದರೆ ಹಾಕಿಸಿ. ಈಗಾಗಲೇ ತೆಳು ನಳಿಗೆ ಇದ್ದರೆ ದುಡ್ಡು ಕೊಟ್ಟು ಭಾರ ಕೊಂಡ ಹಾಗಾಗುತ್ತದೆ.

ಪ್ರಶ್ನೆ: ಒಂದು ರೂಪಾಯಿಯೂ ಖರ್ಚಿಲ್ಲದೆ ಭಾರ ಇಳಿಸುವ ದಾರಿ ಇದೆಯಾ?

ಉತ್ತರ: ಇದೆ. ಜೇಬಿನಲ್ಲಿ ಎಷ್ಟು ತೋಟಾ ಇವೆ ಎಣಿಸಿ. .308 ತೋಟಾ ಒಂದಕ್ಕೆ ಸುಮಾರು 25 ಗ್ರಾಂ, ಇಪ್ಪತ್ತಕ್ಕೆ ಅರ್ಧ ಕೆ.ಜಿ. ಹತ್ತು ಮನೆಯಲ್ಲಿ ಬಿಟ್ಟರೆ 250 ಗ್ರಾಂ ಇಳಿಯಿತು, ನಳಿಗೆಯಿಂದ ಒಂಬತ್ತು ಇಂಚು ಕತ್ತರಿಸಿದಷ್ಟು. ಸ್ಕೋಪಿನ ಮುಚ್ಚಳ, ಸ್ಟಾಕಿಗೆ ಕಟ್ಟಿದ ತೋಟಾ ಪಟ್ಟಿ, ಯಾವಾಗಲೋ ಸಿಕ್ಕಿಸಿ ಮರೆತ ಬೈಪಾಡ್ (ಎರಡು ಕಾಲಿನ ಆಧಾರ), ಇವನ್ನೂ ತೂಗಿ. ಬೈಪಾಡ್ ಒಂದೇ 300 ಗ್ರಾಂ ದಾಟಬಹುದು. ಬೆನ್ನಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯುವುದನ್ನು ರೂಢಿ ಮಾಡಿಕೊಂಡರೆ ಅದೂ ಬೇಡ.